ಭಾವನ ಅಂಗಡಿಯ ಮೂರು ಕಂಪ್ಯೂಟರು

ಬೆಳಕವಾಡಿಯಲ್ಲಿ ನಮ್ಮ ಭಾವನದೊಂದು ಅಂಗಡಿ ಇತ್ತು. ಬೋರ್ಡಿನ ಮೇಲೆ ಜೆರಾಕ್ಸ್, ಡಿಟಿಪಿ, ಲಗ್ನಪತ್ರಿಕೆ, ಲ್ಯಾಮಿನೇಷನ್ ಅಂತ ಬರೆಸಿದ್ದರು. ಭಾವ ಮೂಲದಲ್ಲಿ ಬೇಸಾಯದವರು. ಒಂದಷ್ಟು ಭತ್ತ, ಒಂದಷ್ಟು ಕಬ್ಬು. ಕಬ್ಬು ಕಡಿದು ಕಳಿಸಿದ ಮೇಲೆ ದುಡ್ಡು ಕೈ ಸೇರುವುದು ಯಾವ ಕಾಲಕ್ಕೋ, ಅಲ್ಲೀತನಕ ದಿನಾ ನಾಲ್ಕು ಕಾಸು ಓಡಾಡಲಿ ಅಂತ ಅಂಗಡಿ ಇಟ್ಟಿದ್ದು. ಬೆಳಿಗ್ಗೆ ಗದ್ದೆಗೆ ಹೋಗಿ ಬಂದು, ಕೈಕಾಲು ತೊಳೆದು, ಹೆಗಲ ಮೇಲಿನ ಟವೆಲ್ಲಿನಿಂದಲೇ ಮಾನಿಟರುಗಳನ್ನೆಲ್ಲ ಒರೆಸಿ, ಊದುಬತ್ತಿ ಹಚ್ಚಿ ಕೂತರೆ ಆಮೇಲೆ ವ್ಯಾಪಾರ ಶುರು. ಕಂಪ್ಯೂಟರಿನ ತಂಟೆಗೆ ಹೋಗುತ್ತಿರಲಿಲ್ಲ. ಜೆರಾಕ್ಸ್ ಮಿಷನ್ನು ಮಾತ್ರ ಅವರದು. ಅದರೊಳಗೆ ಹಾಳೆ ಸಿಕ್ಕಿಕೊಂಡರೆ ಬೇರೆ ಯಾರಿಗೂ ಕೈ ಹಾಕಲು ಬಿಡುತ್ತಿರಲಿಲ್ಲ.

ಕಂಪ್ಯೂಟರಿನ ಪೂರಾ ಕಾರುಬಾರು ಟೈಪ್ ಮಾಡುತ್ತಿದ್ದ ಅಕ್ಕನದು. ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಅವರ ಬೆರಳು ಓಡುವ ಜೋರಿಗೆ ಅರ್ಜಿ ಬರೆಸಲು ಬಂದವರು ಹೇಳುವ ಮಾತೇ ಹಿಂದೆ ಬೀಳುತ್ತಿತ್ತು. ಕೀಲಿಮಣೆ ನೋಡುತ್ತಿರಲಿಲ್ಲ, ಅರ್ಜಿದಾರರ ಮುಖ ನೋಡುತ್ತಿದ್ದರು. ವಿಧವಾ ವೇತನ, ಪಹಣಿ ತಿದ್ದುಪಡಿ, ಜಾತಿ ಆದಾಯ ಪತ್ರ, ಮಕ್ಕಳ ವಿದ್ಯಾರ್ಥಿವೇತನ, ಎಲ್ಲವೂ ಅವರ ಕೈಯಿಂದಲೇ ಹೋಗಬೇಕು. "ಹೆಸ್ರು ಆಧಾರದಲ್ಲಿ ಹೆಂಗೈತೋ ಹಂಗೇ ಹೇಳಮ್ಮ" ಅನ್ನುವ ಮಾತು ಆಮೇಲಿನ ವರ್ಷಗಳದು. ಆಗಿನ್ನೂ ರೇಷನ್ ಕಾರ್ಡಿನ ಹೆಸರಿಗೇ ಬೆಲೆ.

ಅಂಗಡಿಯಲ್ಲಿ ಮೂರು ಕಂಪ್ಯೂಟರು. ಅಕ್ಕನದು ವಿಂಡೋಸ್ ಎಕ್ಸ್‌ಪಿ, ಹಳೇದು, ಸದ್ದು ಮಾಡುತ್ತಿತ್ತು. ಎರಡನೇದು ಬಣ್ಣದ ಪ್ರಿಂಟರಿನ ಜೊತೆ ಭಾವ ಹೊಸದಾಗಿ ತಂದದ್ದು, ಅದರಲ್ಲಿ ವಿಂಡೋಸ್ 7. ಅದು ಪೇಟೆಗೆ ಬಂದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಮೂರನೇದಕ್ಕೆ ಮಾನಿಟರೇ ಬೇಡವಾಗಿತ್ತು. ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಎಲ್ಲರ ಫೈಲುಗಳನ್ನು ಕಾಯುವುದೇ ಅದರ ಕೆಲಸ. ಅದರಲ್ಲಿದ್ದದ್ದು ಉಬುಂಟು, ಅಂದರೆ ಲಿನಕ್ಸ್. ಅದನ್ನು ಕೂರಿಸಿದ್ದು ಒಬ್ಬ ಹುಡುಗ, ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು. ಆ ಕಾಲದಲ್ಲಿ ಕಂಪ್ಯೂಟರಿನಲ್ಲಿ ಕೇಳಿಕೊಂಡರೆ ಸಾಕು, ಉಬುಂಟು ಸಿ.ಡಿ. ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು. 2011ರಲ್ಲಿ ಆ ಪದ್ಧತಿ ನಿಂತಿತು. ಬೆಳಕವಾಡಿಯ ಅಂಚೆಯಣ್ಣ ಪರದೇಶದ ಸ್ಟಾಂಪಿನ ಲಕೋಟೆ ಹಿಡಿದು ಅಂಗಡಿಗೆ ಬಂದು, ಒಳಗೇನಿದೆ ಅಂತ ನೋಡಿಕೊಂಡೇ ಹೋದನಂತೆ. ಗಿರಾಕಿಗಳ ಪೆನ್‌ಡ್ರೈವಿನಿಂದ ಬರುವ ವೈರಸ್ಸಿಗೆ ಅಕ್ಕನ ಮಿಷನ್ನು ಪದೇ ಪದೇ ಮಲಗುತ್ತಿತ್ತು. ಅದರ ಕಾಟ ತಪ್ಪಲಿ ಅಂತ ಹುಡುಗ ಈ ಏರ್ಪಾಡು ಮಾಡಿ, ಓದು ಮುಗಿಸಿ, ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟ.

ಅವನ ತಾತ ಮಾತ್ರ ಊರಲ್ಲೇ ಇದ್ದರು. ದಿನಾ ಅಂಗಡಿ ಮುಂದಿನ ಬೆಂಚಿನ ಮೇಲೆ ಬಂದು ಕೂರುವುದು ಅವರ ಪಾಳಿ. ಬ್ಲಫ್‌ನಲ್ಲಿ, ಅಂದರೆ ಶಿವನಸಮುದ್ರದ ಪವರ್ ಹೌಸಿನ ಕಡೆ, ಲೈನಿನ ಕೆಲಸ ಮಾಡಿ ರಿಟೈರ್ ಆದವರು. ಅವರ ವಿಷಯ ಆಮೇಲೆ ಹೇಳುತ್ತೇನೆ.

ನಾನು ಆಗ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಪುಟ ಕಟ್ಟುವ ಕೆಲಸದಲ್ಲಿದ್ದೆ. ಸಂಕ್ರಾಂತಿ ಸುತ್ತಿನ ದಿನಗಳು. ಹಬ್ಬಕ್ಕೆ ಮುಂಚೆಯೋ ಮುಗಿದ ಮೇಲೋ ಸರಿಯಾಗಿ ನೆನಪಿಲ್ಲ, ಎಳ್ಳು ಬೆಲ್ಲ ಮಾತ್ರ ಮನೇಲಿತ್ತು. ಭಾವ ಫೋನ್ ಮಾಡಿ, "ಬಾಮೈದ, ಒಸಿ ಬಂದೋಗಪ್ಪ, ಇಲ್ಲಿ ಮೂರೂ ಒಂದಕ್ಕೊಂದು ಮಾತೇ ಆಡ್ತಿಲ್ಲ" ಅಂದರು. ನಾನು ಮನೆಯ ಜಗಳ ಅಂದುಕೊಂಡು ನಮ್ಮಕ್ಕನಿಗೇನಾಯಿತು ಅಂತ ಕೇಳಿದೆ. "ನಿಮ್ಮಕ್ಕ ಚೆನ್ನಾಗವ್ಳೆ, ಕಂಪ್ಯೂಟರ್ ಕನೋ" ಅಂದರು.

ಬಸ್ಸಿಳಿದಾಗ ಇನ್ನೂ ಮಂಜು ಕರಗಿರಲಿಲ್ಲ. ಕಾವೇರಿ ಹತ್ತಿರದ ಆ ಸೀಮೆಯಲ್ಲಿ ಆ ತಿಂಗಳು ಮಂಜು ಗದ್ದೆಯ ಮೇಲೆ ಮಲಗಿರುತ್ತದೆ, ಒಂಬತ್ತು ಗಂಟೆಯಾದರೂ ಏಳುವುದಿಲ್ಲ. ಅವರೆಕಾಯಿ ಸೊಗಡಿನ ಕಾಲ ಬೇರೆ. ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿಕೊಂಡು ಕೂತ ಹೆಂಗಸರ ಮುಂದೆಲ್ಲ ಅವರೆಕಾಯಿ ಗುಡ್ಡೆ. ಕೈಗೆ ಹತ್ತಿದ ಆ ಸೊನೆಯ ವಾಸನೆ ಮಧ್ಯಾಹ್ನದವರೆಗೂ ಹೋಗುವುದಿಲ್ಲ, ಹೋಗಬೇಕು ಅಂತ ಯಾರಿಗೂ ಅನಿಸುವುದೂ ಇಲ್ಲ.

ಅಂಗಡಿಯಲ್ಲಿ ಮೇಷ್ಟ್ರು ಕೂತಿದ್ದರು. ಊರಿನ ಹಿರಿಯರು ಸೇರಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದರು, ಅದಕ್ಕೆ ಅವರು ಸಂಪಾದಕರು. ಊರೆಂದ ಮೇಲೆ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರ ಮೇಲೊಂದು ಲೇಖನ ಇರಲೇಬೇಕಲ್ಲ, ಮೈಸೂರು ಆಸ್ಥಾನದಲ್ಲಿ ಸಂಗೀತ ವಿದ್ವಾಂಸರಾಗಿದ್ದವರು, ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ತಿರುಗಿದವರು. ಆ ಲೇಖನ ಮೇಷ್ಟ್ರೇ ಬರೆದದ್ದು. ಮೇಷ್ಟ್ರ ಸ್ವಭಾವ ಏನೆಂದರೆ ಕರಡು ತಿದ್ದುವುದು ಅವರಿಗೆ ಮುಗಿಯುವುದೇ ಇಲ್ಲ. ನಶ್ಯದ ಡಬ್ಬಿ ಒಂದು ಕೈಯಲ್ಲಿ, ಕೆಂಪು ಇಂಕಿನ ಪೆನ್ನು ಒಂದು ಕೈಯಲ್ಲಿ. ನಿನ್ನೆ ಹಾಕಿದ ಅಲ್ಪವಿರಾಮವನ್ನು ಇವತ್ತು ತೆಗೆಯುವರು, ನಾಳೆ ಅದೇ ಜಾಗಕ್ಕೆ ಮತ್ತೆ ಹಾಕುವರು. ಅಕ್ಕ ಒಂದು ದಿನವೂ ಮುಖ ಗಂಟಿಕ್ಕಿದ್ದು ನಾನು ಕಾಣೆ.

ತೊಂದರೆ ಆಗಿದ್ದು ಇಷ್ಟು. ಅಕ್ಕ ಎಕ್ಸ್‌ಪಿಯಲ್ಲಿ ಟೈಪ್ ಮಾಡಿ ಉಬುಂಟುವಿನ ಹಂಚಿಕೆ ಫೋಲ್ಡರಿನಲ್ಲಿ ಇಡುತ್ತಾರೆ. ವಿಂಡೋಸ್ 7 ಮುಂದೆ ಕೂತ ಪುಟ ಕಟ್ಟುವ ಹುಡುಗ ಅದನ್ನು ತೆಗೆದು ಪೇಜ್‌ಮೇಕರಿನಲ್ಲಿ ಜೋಡಿಸಬೇಕು, ತಿದ್ದುಪಡಿಯನ್ನು ಅಲ್ಲೇ ಉಳಿಸಬೇಕು. ಅದು ಉಳಿಯುತ್ತಿರಲಿಲ್ಲ. ಕೆಲವು ಸಲ ಫೋಲ್ಡರೇ ತೆರೆಯದು, ಹೆಸರು ಪಾಸ್‌ವರ್ಡು ಕೇಳುತ್ತಲೇ ಇರುತ್ತದೆ. ಇನ್ನು ಕೆಲವು ಸಲ ತೆರೆಯುತ್ತದೆ, ಓದಿಸುತ್ತದೆ, ಉಳಿಸಲು ಹೋದರೆ 'ಆಕ್ಸೆಸ್ ಡಿನೈಡ್' ಅಂತ ಒಂದು ಚೌಕ ಎದ್ದು ನಿಲ್ಲುತ್ತದೆ. ಆಗ ಹುಡುಗ ಏನು ಮಾಡುತ್ತಿದ್ದನೆಂದರೆ ಬೇರೆ ಹೆಸರಲ್ಲಿ ತನ್ನ ಮಿಷನ್ನಿನಲ್ಲೇ ಉಳಿಸಿಬಿಡುತ್ತಿದ್ದ. ಸಂಚಿಕೆ ಹೊಸದು, ಸಂಚಿಕೆ ಹೊಸದು ಎರಡು, ಸಂಚಿಕೆ ಕೊನೆ, ಸಂಚಿಕೆ ಖಂಡಿತ ಕೊನೆ. ಮೇಷ್ಟ್ರು ತಿದ್ದಿದ್ದು ಒಂದರಲ್ಲಿರುತ್ತದೆ, ಮತ್ತೊಂದರಲ್ಲಿ ಇರುವುದಿಲ್ಲ. ವಿದ್ವಾಂಸರ ಹೆಸರಿನ ಒಂದು ಒತ್ತಕ್ಷರ ಪ್ರತಿ ಪ್ರಿಂಟಿನಲ್ಲೂ ತಪ್ಪಾಗಿಯೇ ಬರುತ್ತಿತ್ತು, ಅವರು ಪ್ರತಿ ಸಲವೂ ಅದನ್ನೇ ತಿದ್ದುತ್ತಿದ್ದರು. "ನಾನು ತಿದ್ದಿದ್ದು ಯಾರ ಹೊಟ್ಟೆಗೆ ಹೋಗ್ತಿದೆಯಪ್ಪಾ?" ಅಂತ ನನ್ನನ್ನು ಕೇಳಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟ ಇತ್ತು. ಅದು ನನಗೆ ನಾಟಿತು.

ಉಬುಂಟುವಿಗೇ ಒಂದು ಮಾನಿಟರು ಸಿಕ್ಕಿಸಿ ಫೈಲು ತೆರೆದು ನೋಡಿದೆವು. ಕನ್ನಡದ ಬದಲು ಇಂಗ್ಲಿಷಿನ ಅಕ್ಷರ, ಚಿಹ್ನೆ ಎಲ್ಲ ಕಲಸಿಟ್ಟಂತೆ ಕಂಡಿತು. ಮೇಷ್ಟ್ರು ಎದೆ ಹಿಡಿದುಕೊಂಡರು. ಅದಕ್ಕೂ ಈ ರೋಗಕ್ಕೂ ಸಂಬಂಧ ಇರಲಿಲ್ಲ. ಆಗಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದಂಥವು, ಆ ಫಾಂಟು ಇಲ್ಲದ ಮಿಷನ್ನಿನಲ್ಲಿ ಒಳಗಿನ ಸಂಕೇತವೇ ಕಾಣುತ್ತದೆ. ಅಕ್ಕನ ಮಿಷನ್ನಿನಲ್ಲಿ ಅದೇ ಫೈಲು ತೆರೆದು ತೋರಿಸಿದ ಮೇಲೆ ಮೇಷ್ಟ್ರಿಗೆ ಜೀವ ಬಂತು, ಒಂದು ಚಿಟಿಕೆ ನಶ್ಯವೂ ಏರಿತು.

ಇಷ್ಟು ಹೊತ್ತು ಬೆಂಚಿನ ಮೇಲೆ ಬಿಸಿಲು ಕಾಯುತ್ತಿದ್ದ ತಾತ ಎದ್ದು ಒಳಗೆ ಬಂದರು. "ಮಗ, ಎಲ್ಲೀಗಂಟ ಬತ್ತಾ ಐತೆ ನೋಡ್ದಾ?" ಅಂತ ಕೇಳಿದರು. ಏನು ತಾತ ಅಂದೆ. "ಅದೇ ಕನಪ್ಪ. ಬರ್ತಿಲ್ಲ ಬರ್ತಿಲ್ಲ ಅಂತ ಎಲ್ಲಾರೂ ಅಂತವ್ರೆ. ಎಲ್ಲೀಗಂಟ ಬತ್ತಾ ಐತೆ ಅಂತ ಒಬ್ರೂ ಹೇಳ್ತಿಲ್ವಲ್ಲ."

ತಾತನ ಬಾಯಲ್ಲಿ ಈ ಮಾತು ಬಂದದ್ದು ಸುಮ್ಮನೆ ಅಲ್ಲ. ಶಿವನಸಮುದ್ರ ನಮಗೆಲ್ಲ ಪಕ್ಕದ ಊರು, ಗಗನಚುಕ್ಕಿ ಭರಚುಕ್ಕಿ ನೋಡಲು ಹೊರಗಿನವರು ಬರುತ್ತಾರೆ, ನಾವು ನೆಂಟರು ಬಂದಾಗ ಮಾತ್ರ ಹೋಗುತ್ತೇವೆ. ಆದರೆ ಅಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಕಳಿಸಿದ್ದರು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಅದೂ ಇಲ್ಲಿಂದಲೇ. ತಾತ ಆ ಕಾಲದವರಲ್ಲ, ಅವರು ಸೇರಿದ್ದು ಎಷ್ಟೋ ವರ್ಷದ ಮೇಲೆ. ಆದರೆ ಆ ಲೈನಿನವರ ಒಂದು ಕ್ರಮ ಕೈಯಿಂದ ಕೈಗೆ ಬಂದದ್ದನ್ನು ಅವರು ಬಿಟ್ಟಿರಲಿಲ್ಲ. ದೀಪ ಹೋಯಿತು ಅಂದರೆ ಮೊದಲು ಎಲ್ಲಿಯವರೆಗೆ ಸರಬರಾಜು ಇದೆ ಅಂತ ಗೊತ್ತು ಮಾಡಿಕೊಳ್ಳಬೇಕು. ಇರುವ ಕಡೆಯಿಂದ ಇಲ್ಲದ ಕಡೆಗೆ ನಡೆಯಬೇಕು. ಒಂದು ಕಂಬ ನೋಡಿ ಸರಿ ಅನಿಸಿದ ಮೇಲೆ ಮುಂದಿನ ಕಂಬ. ನಡುವೆ ಹಾರಬಾರದು, ಒಟ್ಟಿಗೆ ಎರಡು ಕಡೆ ಕೈ ಹಾಕಬಾರದು. ಮಳೆಯಲ್ಲಿ ರಾತ್ರಿ ಹೊತ್ತು ಲಾಟೀನು ಹಿಡಿದು ಹೀಗೆ ನಡೆದದ್ದನ್ನು, ಯಾರೋ ಒಬ್ಬರ ಮನೆಯಲ್ಲಿ ತಂಗಳು ಮುದ್ದೆಗೆ ಮಜ್ಜಿಗೆ ಹುಯ್ದು ಕೊಟ್ಟದ್ದನ್ನು ಅವರು ಹೇಳಿದರು. ಆ ಊರಿನ ಹೆಸರೂ ಹೇಳಿದ್ದರು, ನನಗೀಗ ಮರೆತಿದೆ.

ಸರಿ, ಹಾಗೇ ಮಾಡೋಣ ಅಂತ ಕೂತೆವು. ಬೆಂಗಳೂರಿನ ಮೊಮ್ಮಗನಿಗೆ ಫೋನ್ ಹಚ್ಚಿ ಭಾವನ ಕೈಗೆ ಕೊಟ್ಟೆವು, ಅವರು ನಮ್ಮ ಮಾತನ್ನು ಅವನಿಗೆ, ಅವನ ಮಾತನ್ನು ನಮಗೆ ಕೂಗಿ ದಾಟಿಸುತ್ತಿದ್ದರು.

ಮೊದಲಿಗೆ, ತಂತಿ ಸರಿಯಿದೆಯೇ? ಪಿಂಗ್ ಮಾಡಿದೆ, ಮೂರೂ ಓಗೊಟ್ಟವು. ಅಲ್ಲೀಗಂಟ ಬರುತ್ತಿದೆ. ಆಮೇಲೆ ಹೆಸರು. ವಿಂಡೋಸ್ 7 ಪಾಸ್‌ವರ್ಡನ್ನು ಪದೇ ಪದೇ ಕೇಳುತ್ತಿದ್ದದ್ದಕ್ಕೆ ಎರಡು ಕಾರಣ ಸೇರಿಕೊಂಡಿದ್ದವು. ಉಬುಂಟುವಿನಲ್ಲಿ ಫೈಲು ಹಂಚುವ ಕೆಲಸ ಮಾಡುವುದು ಸಾಂಬಾ ಅನ್ನುವ ತಂತ್ರಾಂಶ. ಮಿಷನ್ನಿಗೆ ಲಾಗಿನ್ ಆಗಲು ಒಂದು ಪಾಸ್‌ವರ್ಡ್ ಪಟ್ಟಿ ಇದ್ದರೆ ಸಾಂಬಾ ತನ್ನದೇ ಬೇರೊಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಪುಟ ಕಟ್ಟುವ ಹುಡುಗನ ಹೆಸರು ಮೊದಲನೇದರಲ್ಲಿತ್ತು, ಎರಡನೇದರಲ್ಲಿ ಇರಲಿಲ್ಲ. ಅದನ್ನು ಸೇರಿಸಿದೆವು. ಆದರೂ ಬಿಡದು. ಹುಡುಕಿದರೆ ವಿಂಡೋಸ್ 7 ತನ್ನ ಮಡಿಲಲ್ಲಿ ಮೊಮ್ಮಗನ ಹಳೇ ಹೆಸರು, ಹಳೇ ಪಾಸ್‌ವರ್ಡು ಜೋಪಾನ ಮಾಡಿಕೊಂಡು, ಕೇಳಿದಾಗೆಲ್ಲ ಅದನ್ನೇ ಮುಂದೆ ಹಿಡಿಯುತ್ತಿತ್ತು. ಒಂದೇ ಸರ್ವರಿನ ಜೊತೆ ಒಂದು ಹೊತ್ತಿಗೆ ಒಂದೇ ಹೆಸರಲ್ಲಿ ವ್ಯವಹರಿಸುವುದು ವಿಂಡೋಸಿನ ಜಾಯಮಾನ. ಹಳೇ ಸಂಪರ್ಕವನ್ನೆಲ್ಲ 'ನೆಟ್ ಯೂಸ್' ಆಜ್ಞೆಯಿಂದ ಕಿತ್ತುಹಾಕಿ, ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದಿದ್ದನ್ನೂ ಅಳಿಸಿ, ಹೊಸದಾಗಿ ಹೆಸರು ಕೊಟ್ಟೆ. ಫೋಲ್ಡರ್ ತೆರೆಯಿತು. "ಈ ಕಂಬ ಆಯ್ತು" ಅಂದರು ತಾತ.

ಈ ಸಾಂಬಾದ ವಿಷಯ ಒಂದು ಮಾತು ಹೇಳಬೇಕು, ನನಗೆ ಅದನ್ನು ಬರೆದವರ ಮೇಲೆ ತುಂಬ ಗೌರವ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದರು. ತಮ್ಮ ಪಿಸಿಯನ್ನೂ ವಿಶ್ವವಿದ್ಯಾಲಯದ ಯುನಿಕ್ಸ್ ಮಿಷನ್ನನ್ನೂ ಒಂದಕ್ಕೊಂದು ಕೂಡಿಸಬೇಕಿತ್ತು. ಪಿಸಿಗಳು ಫೈಲು ಹಂಚಿಕೊಳ್ಳುವ ಮಾತುಕತೆಯ ಪೂರ್ತಿ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಅವರು ತಂತಿಯ ಮೇಲೆ ಹೋಗಿ ಬರುವ ಸಂದೇಶಗಳನ್ನು ಕೂತು ಗಮನಿಸಿ, ಇದು ಕೇಳಿದರೆ ಅದು ಏನು ಹೇಳುತ್ತದೆ ಅಂತ ನೋಡಿ ನೋಡಿಯೇ 1992ರ ಹೊತ್ತಿಗೆ ಮೊದಲ ರೂಪ ಹೊರಗೆ ಬಿಟ್ಟರು. ಆಮೇಲೆ ಬಂದ ವಿಂಡೋಸುಗಳ ಮಾತನ್ನೂ ಅವರ ತಂಡ ಹೀಗೇ ಕಲಿತುಕೊಂಡು ಬಂತು. ಮೈಕ್ರೋಸಾಫ್ಟಿನ ಮೇಲೆ ಯುರೋಪಿನಲ್ಲಿ ಮೊಕದ್ದಮೆ ನಡೆದು, 2007ರ ಕೊನೆಗೆ 10,000 ಯೂರೋ ಶುಲ್ಕದ ಮೇಲೆ ಆ ಮಾತುಕತೆಯ ವಿವರದ ಕಾಗದಪತ್ರ ಅವರಿಗೆ ಸಿಕ್ಕಿತು. ಅಷ್ಟು ವರ್ಷ ಕೇಳಿ ಕೇಳಿ ಕಟ್ಟಿದ್ದನ್ನು ಜಗತ್ತಿಗೆಲ್ಲ ಪುಕ್ಕಟೆ ಕೊಟ್ಟಿದ್ದರು. ಬೆಳಕವಾಡಿಯ ಒಂದು ಡಿಟಿಪಿ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಅದು ಕೆಲಸ ಮಾಡುತ್ತಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ನನಗೆ ಎದೆ ತುಂಬುತ್ತದೆ.

ದಾರಿ ತಪ್ಪಿದೆ, ಇರಲಿ. ಫೋಲ್ಡರ್ ತೆರೆಯಿತು, ಓದಲು ಆಯಿತು, ಉಳಿಸಲು ಆಗಲಿಲ್ಲ. ಸಾಂಬಾದ ಬರಹದಲ್ಲಿ ನೋಡಿದೆ. ನಾವಾಗಿ ಬೇರೆ ಹೇಳದಿದ್ದರೆ ಹಂಚಿದ ಫೋಲ್ಡರನ್ನು ಅದು ಓದಲು ಮಾತ್ರ ಕೊಡುತ್ತದೆ. ಎಕ್ಸ್‌ಪಿಯ ಅಕ್ಕನಿಗಷ್ಟೇ ಬರೆಯುವ ಅಪ್ಪಣೆ ಇತ್ತು. ಹುಡುಗನ ಹೆಸರನ್ನೂ ಸೇರಿಸಿದ್ದಾಯಿತು. ಮತ್ತೆ ಅದೇ ಚೌಕ, ಅದೇ ಆಕ್ಸೆಸ್ ಡಿನೈಡ್. ಅಪ್ಪಣೆ ಇಲ್ಲ ಅನ್ನುತ್ತದೆ, ಇಲ್ಲ ಅಂದವರು ಯಾರು ಅಂತ ಹೇಳುವುದಿಲ್ಲ. ಇದರಲ್ಲಿ ನನಗೆ ಕಷ್ಟ ಅನಿಸುವುದು ಇದೊಂದೇ. ಹಳೇ ತೊಟ್ಟಿಮನೆಯಲ್ಲಿ ತಲೆಬಾಗಿಲು ದಾಟಿದವರೆಲ್ಲ ಕಣಜದ ಕೋಣೆಗೆ ಹೋಗಲಾಗುವುದಿಲ್ಲವಲ್ಲ, ಅದಕ್ಕೆ ಬೇರೆ ಬೀಗ, ಆ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಹಾಗೆ, ಸಾಂಬಾ ಹೋಗು ಅಂದರೂ ಒಳಗೆ ಲಿನಕ್ಸ್ ತನ್ನ ಪಾಡಿಗೆ ಇನ್ನೊಮ್ಮೆ ಕೇಳುತ್ತದೆ. ವಿಂಡೋಸಿನಲ್ಲೂ ಇದೇ ಕಥೆ, ಹಂಚಿಕೆಯ ಅಪ್ಪಣೆ ಒಂದು, ಡಿಸ್ಕಿನ ಮೇಲಿನ ಅಪ್ಪಣೆ ಒಂದು, ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲುತ್ತದೆ.

ಲಿನಕ್ಸಿನ ಲೆಕ್ಕ ಸರಳ. ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಮಿಕ್ಕವರು ಅಂತ ಮೂರು ಥರದ ಜನ. ಓದಲು 4, ಬರೆಯಲು 2, ನಡೆಸಲು ಅಥವಾ ಫೋಲ್ಡರಾದರೆ ಹೊಕ್ಕು ದಾಟಲು 1. ಕೂಡಿದರೆ 7. ನಮ್ಮ ಫೋಲ್ಡರಿನ ಮೇಲೆ 755 ಅಂತ ಇತ್ತು. ಒಡೆಯ ಏನು ಬೇಕಾದರೂ ಮಾಡಬಹುದು, ಗುಂಪು ಮತ್ತು ಮಿಕ್ಕವರು ಹೊಕ್ಕು ನೋಡಬಹುದು, ಬರೆಯುವ ಹಾಗಿಲ್ಲ. ಒಡೆಯ ಯಾರು? ಟೈಪ್ ಮಾಡುವ ಅಕ್ಕ.

"777 ಕೊಟ್ಟುಬಿಟ್ರೆ ಎಲ್ಲಾ ಸರಿಹೋಗುತ್ತೆ" ಅಂತ ಪುಟ ಕಟ್ಟುವ ಹುಡುಗ ಎಲ್ಲೋ ಓದಿದ್ದನ್ನು ಹೇಳಿದ. ಭಾವನಿಗೂ ಅದು ಹಿಡಿಸಿತು. "ಎಲ್ಲಾರ್ಗೂ ಬುಟ್ಬುಡು ಬಾಮೈದ. ಪ್ರೆಸ್ಸಿಗೆ ಹೋಗ್ಬೇಕು, ಟೈಮಿಲ್ಲ" ಅಂದರು.

ಅಷ್ಟು ಹೊತ್ತು ಬಾಯಿ ಬಿಡದ ಅಕ್ಕ ಕುರ್ಚಿ ತಿರುಗಿಸಿದರು. "ಬೇಡ ಅಣ್ಣ. ಅದ್ರಲ್ಲಿ ಸಂಚಿಕೆ ಒಂದೇ ಇಲ್ಲ. ಜನದ್ದು ಪಾಸ್‌ಬುಕ್ಕು ಸ್ಕ್ಯಾನ್ ಮಾಡಿರೋದು ಐತೆ, ಗಂಡ ಸತ್ತಿರೋ ಸರ್ಟಿಫಿಕೇಟ್ ಐತೆ, ಪಹಣಿ ಐತೆ. ನನ್ನ ನಂಬ್ಕಂಡು ಕೊಟ್ಟವ್ರೆ. ಯಾರೋ ಬಂದು ಕೂತು ಅಳಿಸ್ಬುಟ್ರೆ ಆ ಅಜ್ಜಿಗೆ ನಾನೇನು ಹೇಳ್ಲಿ?" ಆ ಹೊತ್ತಿನಲ್ಲಿ ಬೆಂಚಿನ ಮೇಲೆ ನಿಜವಾಗಲೂ ಒಬ್ಬ ಅಜ್ಜಿ ಕೂತಿದ್ದರು, ಎಲೆಯಡಿಕೆ ಹಾಕಿಕೊಂಡು, ವೇತನದ ಅರ್ಜಿಗೆ ಸರತಿ ಕಾಯುತ್ತ. ಅಕ್ಕ ಹೇಳಿದ್ದು ಅವರನ್ನೇ ನೋಡಿಕೊಂಡೋ ಅಥವಾ ಮಾತಿಗೆ ಹಾಗೆ ಬಂತೋ ನನಗೆ ಗೊತ್ತಾಗಲಿಲ್ಲ. ಭಾವ ಏನೂ ಅನ್ನಲಿಲ್ಲ. ಟವೆಲ್ಲನ್ನು ಹೆಗಲಿಂದ ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡು, "ಅವ್ಳು ಹೇಳ್ದಂಗೆ ಮಾಡಪ್ಪ" ಅಂದರು.

ಅಕ್ಕ ಹೇಳಿದ್ದು ಸರಿ ಅಂತ ಅವತ್ತೂ ನನಗೆ ಅನಿಸಿತು, ಇವತ್ತೂ ಅನಿಸುತ್ತದೆ. 777 ಅಂದರೆ ರೋಗ ಎಲ್ಲಿದೆ ಅಂತ ನೋಡುವ ಗೋಜು ಬೇಡ ಅಂತ ಅಷ್ಟೆ. ಕೆಲಸ ನಡೆಯುತ್ತದೆ, ನಿಜ. ಯಾವುದು ಯಾರದು ಅನ್ನುವ ಲೆಕ್ಕ ಹೋಗಿಬಿಡುತ್ತದೆ.

ಅಕ್ಕನ ಹತ್ತಿರ ಒಂದು ಉದ್ದನೇ ಲೆಡ್ಜರ್ ಇತ್ತು, ಅದರಲ್ಲಿ ಬರೆದುಕೊಂಡರು. ಸಂಚಿಕೆಯ ಫೋಲ್ಡರು ಬೇರೆ, ಅರ್ಜಿಗಳ ಫೋಲ್ಡರು ಬೇರೆ. ಸಂಚಿಕೆಗೆ ಅಕ್ಕ, ಪುಟದ ಹುಡುಗ ಇಬ್ಬರೂ ಬರೆಯಬಹುದು. ಅರ್ಜಿಗಳಿಗೆ ಅಕ್ಕ ಒಬ್ಬರೇ. ನಾನು ಅದಕ್ಕೆ ತಕ್ಕಂತೆ ಒಂದು ಗುಂಪು ಮಾಡಿ, ಇಬ್ಬರನ್ನೂ ಅದಕ್ಕೆ ಸೇರಿಸಿ, ಸಂಚಿಕೆಯ ಫೋಲ್ಡರನ್ನು ಆ ಗುಂಪಿಗೆ ಕೊಟ್ಟು 2775 ಮಾಡಿದೆ. ಮುಂದಿರುವ 2 ಇದೆಯಲ್ಲ, ಅದಿದ್ದರೆ ಒಳಗೆ ಹೊಸದಾಗಿ ಹುಟ್ಟುವ ಫೈಲು, ಹುಟ್ಟಿಸಿದವರ ಗುಂಪಿಗೆ ಹೋಗದೆ ಫೋಲ್ಡರಿನ ಗುಂಪಿಗೇ ಸೇರುತ್ತದೆ. ಅರ್ಜಿಗಳದ್ದು 700.

ಹುಡುಗ ಹೊಸ ಫೈಲು ಉಳಿಸಿದ, ಉಳಿಯಿತು. ಮೇಷ್ಟ್ರು ಕೈ ಮುಗಿದರು. ತಾತ ಮಾತ್ರ, "ಇನ್ನೊಂದ್ ಕಂಬ ಐತೆ. ಆಯಮ್ಮ ಬರೆದಿದ್ದನ್ನ ಇವನು ತಿದ್ದಲಿ" ಅಂದರು. ಅಕ್ಕ ಎರಡು ಸಾಲು ಟೈಪ್ ಮಾಡಿ ಇಟ್ಟರು, ಹುಡುಗ ತೆರೆದು ಉಳಿಸಲು ಹೋದ, ಆಗಲಿಲ್ಲ. ಅಕ್ಕನ ಫೈಲು 744 ಆಗಿ ಹುಟ್ಟುತ್ತಿತ್ತು. ಗುಂಪು ಸರಿಯಾಗಿದೆ, ಗುಂಪಿಗೆ ಓದುವ 4 ಮಾತ್ರ ಸಿಕ್ಕಿದೆ. ಇದು ಸಾಂಬಾ ತಾನಾಗಿ ಇಟ್ಟುಕೊಂಡ ಕ್ರಮ. ಕ್ರಿಯೇಟ್ ಮಾಸ್ಕ್ ಅಂತ ಒಂದು ಸಾಲಿದೆ, ಅದನ್ನು 0664 ಮಾಡಿ, ಡೈರೆಕ್ಟರಿ ಮಾಸ್ಕನ್ನು 2775 ಮಾಡಿ, ಸಾಂಬಾವನ್ನು ಮತ್ತೆ ಎಬ್ಬಿಸಿದೆ. ಆಗ ಅಕ್ಕನದನ್ನು ಹುಡುಗ, ಹುಡುಗನದನ್ನು ಅಕ್ಕ ತಿದ್ದಲು ಆಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗಿಕೊಂಡಿತು, ಎಲ್ಲವನ್ನೂ ಆರಿಸಿ ಊಟಕ್ಕೆ ಎದ್ದೆವು.

ನಮ್ಮಕ್ಕ ಹಿತಕಬೇಳೆ ಸಾರು ಮಾಡಿದ್ದಳು. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಮನೆ ಮಂದಿಯೆಲ್ಲ ಕೂತು ಹಿತುಕಿದ ಅವರೆಬೇಳೆ, ಬಿಸಿ ಮುದ್ದೆ, ಮೇಲೆ ತುಪ್ಪ. ತಾತನನ್ನೂ ಎಳೆದುಕೊಂಡು ಹೋಗಿದ್ದೆವು. ಅವರು ಮುದ್ದೆ ಮುರಿಯುವ ರೀತಿ ನೋಡಬೇಕು, ಎಲ್ಲ ತುತ್ತೂ ಒಂದೇ ಅಳತೆ. ಮೇಷ್ಟ್ರು ಬರಲಿಲ್ಲ, ಅವರ ಮನೆಯಿಂದ ಪುಳಿಯೋಗರೆ ಡಬ್ಬಿ ಅಂಗಡಿಗೇ ಬಂದಿತ್ತು. ಅದರಲ್ಲಿ ಅರ್ಧ ಅಕ್ಕನಿಗೆ ಕೊಟ್ಟರು, ಒಂದು ಹಿಡಿ ನನಗೂ ಉಳಿಸಿದ್ದರು.

ಮಧ್ಯಾಹ್ನ ಉಳಿದದ್ದು ಹಳೇ ಫೋಟೋಗಳು. ಅವು ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿದ್ದವು, ಉಬುಂಟುವಿಗೇ ಸಿಕ್ಕಿಸಿತ್ತು. ಅಲ್ಲಿ ಮಾತ್ರ ನಾನು ಎಷ್ಟು ಸಲ ಅಪ್ಪಣೆ ಬದಲಿಸಿದರೂ ಬದಲಾಗದು. ಆಜ್ಞೆ ತಪ್ಪು ಅನ್ನುವುದಿಲ್ಲ, ಗೊಣಗುವುದಿಲ್ಲ, ತಿರುಗಿ ನೋಡಿದರೆ ಇದ್ದ ಹಾಗೇ ಇದೆ. ಮೊಮ್ಮಗನಿಗೂ ತಕ್ಷಣ ಹೊಳೆಯಲಿಲ್ಲ. ಆಮೇಲೆ ತಾತನೇ, "ಆ ಡಬ್ಬ ಮೊದ್ಲು ಎಲ್ಲಿತ್ತು?" ಅಂತ ಕೇಳಿದರು. ಅಕ್ಕನ ಎಕ್ಸ್‌ಪಿಯಲ್ಲಿತ್ತು! ಅಂದರೆ ಅದು ವಿಂಡೋಸಿನ ಎನ್‌ಟಿಎಫ್‌ಎಸ್ ಕ್ರಮದಲ್ಲಿ ಕಟ್ಟಿದ ಡಿಸ್ಕು. ಉಬುಂಟು ಅದನ್ನು ಓದುತ್ತದೆ, ಬರೆಯುತ್ತದೆ, ಆದರೆ ಲಿನಕ್ಸಿನ ಒಡೆಯ, ಗುಂಪು, 775 ಇವನ್ನೆಲ್ಲ ಒಂದೊಂದು ಫೈಲಿಗೂ ಅದರ ಮೇಲೆ ತಾನಾಗಿ ಬರೆದಿಡುವುದಿಲ್ಲ. ಡಿಸ್ಕನ್ನು ಜೋಡಿಸುವ ಹೊತ್ತಿನಲ್ಲೇ ಇಡೀ ಡಿಸ್ಕು ಇಂಥವರದು, ಇಂಥ ಗುಂಪಿನದು, ಇಷ್ಟು ಅಪ್ಪಣೆ ಅಂತ ಒಂದೇ ಮಾತಲ್ಲಿ ಹೇಳಿಬಿಡಬೇಕು. ಜೋಡಣೆಯ ಪಟ್ಟಿಯಲ್ಲಿ ಆ ಸಾಲು ಬರೆದು, ಡಿಸ್ಕು ಬಿಚ್ಚಿ ಮತ್ತೆ ಹಾಕಿದ ಮೇಲೆ ಫೋಟೋಗಳೆಲ್ಲ ಬಂದವು. ತಂಬೂರಿ ಹಿಡಿದ ವಿದ್ವಾಂಸರ ಮಸುಕು ಚಿತ್ರ ಒಂದಿತ್ತು, ಮೇಷ್ಟ್ರು ಅದನ್ನು ಪರದೆಯ ಮೇಲೆ ಕಂಡ ಕೂಡಲೇ ಎದ್ದು ನಿಂತರು.

ಸಂಚಿಕೆ ಹೊತ್ತಿಗೆ ಸರಿಯಾಗಿ ಪ್ರೆಸ್ಸಿಗೆ ಹೋಯಿತು. ಒತ್ತಕ್ಷರ ಸರಿಯಾಗಿ ಬಂದಿತ್ತು. ಅಲ್ಪವಿರಾಮಗಳ ಬಗ್ಗೆ ಮೇಷ್ಟ್ರಿಗೆ ಕೊನೆಯವರೆಗೂ ಸಮಾಧಾನ ಆಗಲಿಲ್ಲ ಅಂತ ಕೇಳಿದೆ.

ಎಷ್ಟೋ ವರ್ಷದ ಮೇಲೆ, 2017ರ ಮೇ ತಿಂಗಳಲ್ಲಿ, ವಾನ್ನಾಕ್ರೈ ಅನ್ನುವ ಹಾವಳಿ ಜಗತ್ತಿನ ತುಂಬ ಎದ್ದಾಗ ಅಕ್ಕ ಫೋನ್ ಮಾಡಿದ್ದರು. ಟಿವಿಯಲ್ಲಿ ನೋಡಿ ಹೆದರಿದ್ದರು. ಅದು ಹರಡಿದ್ದು ಫೈಲು ಹಂಚುವ ಇದೇ ಹಾದಿಯಲ್ಲಿ, ಅದರ ಹಳೇ ಮೊದಲ ಆವೃತ್ತಿಯಲ್ಲಿದ್ದ ವಿಂಡೋಸಿನ ಒಂದು ಬಿರುಕಿನಿಂದ. ಆ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎಕ್ಸ್‌ಪಿಗೆ ಬೆಂಬಲ ನಿಂತು ಮೂರು ವರ್ಷವಾಗಿದ್ದರೂ ಆ ಗಲಾಟೆಯಲ್ಲಿ ಅದಕ್ಕೂ ತೇಪೆ ಬಂತು. ಒಂದು ಮಿಷನ್ನಿಗೆ ಹಿಡಿದರೆ ಅದು ಬರೆಯಬಹುದಾದ ಹಂಚಿಕೆ ಫೋಲ್ಡರುಗಳನ್ನೂ ಹಾಳು ಮಾಡುತ್ತದೆ, ನಿಮ್ಮ ಅರ್ಜಿಗಳ ಫೋಲ್ಡರಿಗೆ ಬೇರೆ ಯಾವ ಮಿಷನ್ನಿಂದಲೂ ಬರೆಯಲಾಗುವುದಿಲ್ಲ, ನಿಮ್ಮ ಮಿಷನ್ನಿಗೆ ತೇಪೆ ಹಾಕಿಸಿ, ಹೆದರಬೇಡಿ ಅಂದೆ. ಆ ವರ್ಷದ ಕೊನೆಗೆ ಬಂದ ಹೊಸ ವಿಂಡೋಸ್ 10ರಲ್ಲಿ ಹಳೇ ಆವೃತ್ತಿಯನ್ನು ಹೊಸದಾಗಿ ಕೂರಿಸುವಾಗ ಹಾಕುವುದನ್ನೇ ಬಿಟ್ಟರು. 2019ರ ಸಾಂಬಾ 4.11 ಕೂಡ ಅದನ್ನು ತಾನಾಗಿ ಮಾತಾಡುವುದು ನಿಲ್ಲಿಸಿತು. ಎಕ್ಸ್‌ಪಿಗೆ ಬೇರೆ ಮಾತು ಬರದು. ಭಾವ ಆ ಮಿಷನ್ನಿಗೆ ಒಂದು ಹೂವು ಹಾಕಿ ಅಟ್ಟಕ್ಕೆ ಏರಿಸಿದರು.

ಆಗ ಹಳೇ ಉಬುಂಟುವಿನ ಫೈಲುಗಳನ್ನೆಲ್ಲ ಹೊಸ ಡಿಸ್ಕಿಗೆ ಸಾಗಿಸಬೇಕಾಯಿತು. ಸುಮ್ಮನೆ ನಕಲು ಮಾಡಿದರೆ ಒಡೆಯ, ಗುಂಪು ಎಲ್ಲ ಕಲಸಿಹೋಗುತ್ತದೆ, ಅಕ್ಕನ ಲೆಡ್ಜರಿನ ಲೆಕ್ಕ ತಪ್ಪುತ್ತದೆ. ಅದಕ್ಕೆ ಆರ್‌ಸಿಂಕ್ ಅನ್ನುವ ತಂತ್ರಾಂಶ ಬಳಸಿದೆವು. ಅದು ಇದ್ದದ್ದು ಇದ್ದ ಹಾಗೇ, ಅಪ್ಪಣೆಗಳ ಸಮೇತ ಸಾಗಿಸುತ್ತದೆ. ಅದನ್ನು 1996ರಲ್ಲಿ ಪಾಲ್ ಮ್ಯಾಕೆರಾಸ್ ಜೊತೆ ಸೇರಿ ಬರೆದವರೂ ಅದೇ ಟ್ರಿಡ್ಜೆಲ್ಲೇ. ಫೈಲು ಸಾಗುವಷ್ಟು ಹೊತ್ತು ಅಕ್ಕನಿಗೆ ಅವರ ಕಥೆಯನ್ನೆಲ್ಲ ಹೇಳಿದೆ, ತಂತಿಯ ಮಾತು ಕೇಳಿಸಿಕೊಂಡು ಕಲಿತದ್ದು, ಪುಕ್ಕಟೆ ಹಂಚಿದ್ದು. ಅಕ್ಕ ಲೆಡ್ಜರಿನಲ್ಲಿ ಕೆಲಸಕ್ಕೆ ಸೇರಿದ ಹೊಸ ಹುಡುಗಿಯ ಹೆಸರು ಬರೆಯುತ್ತಿದ್ದವರು ತಲೆಯೆತ್ತಿ, "ಆ ಪುಣ್ಯಾತ್ಮ ಈ ಕಡೆ ಯಾವಾಗಾದ್ರೂ ಬಂದ್ರೆ ಹೇಳು, ಅವರೆಕಾಯಿ ಕಾಲದಲ್ಲೇ ಬರ್ಲಿ" ಅಂದರು.